ಅರಿಶಿನ ಸುಟ್ಟ ಗಾಜು

ನಂಬಿ ಎಂದು ನಾನು ಯಾರಿಗೂ ಗಂಟು ಬೀಳುವುದಿಲ್ಲ. ಆದರೆ ಇದು ನಡೆದದ್ದು ನಿಜ, ನಾನು ಅಲ್ಲೇ ಇದ್ದೆ. ತೊಂಬತ್ತರ ದಶಕ, ಚಿಕ್ಕೋಡಿಯ ಒಂದು ಕಣ್ಣಿನ ಆಸ್ಪತ್ರೆ. ಲೇಸರ್ ಮಷಿನ್ ಒರೆಸಿ ಚಾಲೂ ಮಾಡುವುದು ನನ್ನ ಕೆಲಸ.

ಅಂದು ಖಂಡೇಪೂಜೆ, ಅಂದರೆ ಆಯುಧಪೂಜೆ. ಎಲ್ಲ ಮಷಿನ್ನುಗಳಿಗೆ ಹಚ್ಚಿದ ಹಾಗೆ ಇದಕ್ಕೂ ಅರಿಶಿನ ಹಚ್ಚಿದೆ, ಅದೂ ಬೆಳಕು ಹೊರಬರುವ ಗಾಜಿಗೇ!

"ಗಾಜಿನ ಮ್ಯಾಲ ಒಂದ ಕಣ ಧೂಳಿದ್ರೂ ಲೇಸರ್ ಅಲ್ಲೇ ಸುಟ್ಟು ಕುಳಿ ಮಾಡತೈತಿ. ಒಂದೊಂದ ಏಟಿಗೂ ಕುಳಿ ಬೆಳೀತೈತಿ," ಎಂದು ಡಾಕ್ಟರ್ ಹತ್ತು ಸಲ ಹೇಳಿದ್ದರು. ನೆನಪಾದಾಗ ಕತ್ತಲಾಗಿತ್ತು. ಅವಸರದಲ್ಲಿ ಅಂಗಿಯ ತುದಿಯಿಂದ ಒರೆಸಿದೆ.

ಅಷ್ಟರಲ್ಲೇ ಬೇಡಕಿಹಾಳದ ಮುದುಕಿ ತಂಗೆವ್ವ ಬಂದು ಮಷಿನ್ ಮುಂದೆ ಕುಳಿತಳು. ಒಂದು ಕಣ್ಣು ಎಂದೋ ಹೋಗಿತ್ತು. ಪೊರೆ ತೆಗೆಸಿದ ಇನ್ನೊಂದು ಮತ್ತೆ ಮಂಜಾಗಿತ್ತು; ಆ ಮಂಜನ್ನು ಲೇಸರಿನಿಂದ ಕಳೆಯಬೇಕಿತ್ತು. ಅವಳಿಗೆ ಉಳಿದದ್ದು ಅದೊಂದೇ ಕಣ್ಣು.

"ಗಾಜ ಸ್ವಚ್ಛ ಐತೇನೋ?" ಡಾಕ್ಟರ್ ಕೇಳಿದರು.

"ಐತ್ರಿ ಸರ್."

ಡಾಕ್ಟರ್ ಗುಂಡಿ ಒತ್ತಿದರು. ಟಕ್... ಗಾಜಿನಲ್ಲೇ ಕಿಡಿ ಹಾರಿತು. ಸುಟ್ಟ ಅರಿಶಿನದ ವಾಸನೆ.

"ಏನೋ ಆಗೈತಿ, ಬಂದ್ ಮಾಡು!" ಎಂದು ಡಾಕ್ಟರ್ ಅನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಅವರು ಕಂದೀಲು ತರಲು ಹೊರಗೆ ಹೋದರು. ನಾನು ಪ್ಲಗ್ ಕಿತ್ತು, ಬ್ಯಾಟರಿ ಬೆಳಕು ಬಿಟ್ಟು ನೋಡಿದೆ. ಗಾಜಿನಲ್ಲಿ ಸಾಸಿವೆಯಷ್ಟು ಕುಳಿ, ಒಂದೇ ಒಂದು.

ಟಕ್...

ಪ್ಲಗ್ ನನ್ನ ಕೈಯಲ್ಲೇ ಇತ್ತು. ಮತ್ತೆ ನೋಡಿದೆ. ಎರಡು ಕುಳಿ.

"ಏ ತಮ್ಮಾ..." ಕತ್ತಲಲ್ಲಿ ತಂಗೆವ್ವ ಮೆಲ್ಲಗೆ ಅಂದಳು, "ಕಣ್ಣಾಗ ಬಿಳೇ ಚುಕ್ಕಿ ಎರಡ ಆದ್ವಲ್ಲೋ."

"ಕಣ್ಣ ಮುಚ್ಚಿಕೋಬೇ ಯವ್ವಾ."

"ಮುಚ್ಚೇ ಇದ್ದೀನಿ."

ಟಕ್...

"ಈಗ ಮೂರ."

ಗಾಜಿನಲ್ಲೂ ಮೂರು.

ಕಂದೀಲು ಬಂತು. ಡಾಕ್ಟರ್ ಗಾಜು ನೋಡಿ, "ಇದಕ್ಕೇನ ಹಚ್ಚಿದ್ದಿ?" ಎಂದರು.

"ಏನಿಲ್ರಿ ಸರ್." ಮತ್ತೆ ಸುಳ್ಳು ಹೇಳಿದೆ. ಗಾಜು ಹಳೆಯದಾಗಿ ಹಾಳಾಗಿದೆ ಎಂದು ಅವರು ನಂಬಿದರು.

ಹೊಸ ಗಾಜು ಬಂದ ಮೇಲೆ ಮತ್ತೆ ಲೇಸರ್ ಮಾಡಿದರು, ತಂಗೆವ್ವನಿಗೆ ಕಣ್ಣು ಕಾಣಿಸಿತು. ಮೂರು ಚುಕ್ಕಿ ಮಾತ್ರ ಹೋಗಲಿಲ್ಲ. ಡಾಕ್ಟರ್ ಎಷ್ಟು ಸಲ ನೋಡಿದರೂ ಕಣ್ಣಿನಲ್ಲಿ ಏನೂ ಇರಲಿಲ್ಲ. ನಿಜ ಹೇಳಬೇಕೆಂದು ಪ್ರತಿ ಸಲ ಅಂದುಕೊಂಡೆ, ಹೇಳಲಿಲ್ಲ.

ವರ್ಷದ ನಂತರ ಕೊನೆಯ ಸಲ ಬಂದಾಗ, ಬಸ್ಸಿಗೆ ಹತ್ತಿಸಲು ಅವಳ ಕೈ ಹಿಡಿದೆ. ನನ್ನ ಬೆರಳು ಮೂಗಿಗೆ ಹಿಡಿದುಕೊಂಡಳು.

"ಇನ್ನೂ ಸುಟ್ಟ ಅರಿಷಿಣ ನಾರತೈತಲ್ಲೋ ತಮ್ಮಾ... ತೊಳಕೊಂಡಿಲ್ಲೇನ?"

ಅರಿಶಿನದ ಮಾತು ನಾನು ಯಾರ ಮುಂದೆಯೂ ಆಡಿರಲಿಲ್ಲ. ಈಗಲೂ ದಿನಾ ಕೈ ತೊಳೆಯುತ್ತೇನೆ, ಮೂಸಿ ನೋಡುತ್ತೇನೆ. ನನಗೆ ಯಾವ ವಾಸನೆಯೂ ಬರುವುದಿಲ್ಲ.