ಬಾಯ್ಲರಿನೊಳಗೆ ಬಿಟ್ಟುಬಂದ ಉಡದಾರ

2003ರ ಡಿಸೆಂಬರ್. ಆಗ ನಾನು ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಫೋಟೋ ಸ್ಟುಡಿಯೋ ನಡೆಸುತ್ತಿದ್ದೆ. ಮದುವೆ, ಬಸುರಿಯರ ಕುಬಸ, ಶಾಲೆಯ ಗ್ರೂಪ್ ಫೋಟೋ, ಅರ್ಜಿಗೆ ಅಂಟಿಸುವ ಮುಖಗಳು, ಇಷ್ಟೇ ನನ್ನ ಪ್ರಪಂಚ. ವಯಸ್ಸು ಮೂವತ್ತನಾಲ್ಕು, ಚಿಂತೆ ಮಾಡುವುದರಲ್ಲಿ ಮಾತ್ರ ಅರವತ್ತು ದಾಟಿದ್ದೆ. ಮದುವೆಗೆ ಹೊರಟವನು ಕ್ಯಾಮೆರಾದಲ್ಲಿ ರೋಲ್ ಇದೆಯೋ ಇಲ್ಲವೋ ಎಂದು ದಾರಿಯಲ್ಲಿ ಅನುಮಾನ ಬಂದು, ತೆರೆದು ನೋಡಿದರೆ ಬೆಳಕು ಬಿದ್ದು ಫಿಲ್ಮ್ ಹಾಳಾಗುತ್ತದೆ ಎಂದು ಹೆದರಿ, ತೆರೆಯದೆಯೂ ನೆಮ್ಮದಿಯಿಲ್ಲದೆ ಗಾಡಿಯಲ್ಲಿ ಕೂತಿರುತ್ತಿದ್ದವನು ನಾನು.

ನನ್ನ ಬಳಿ ಎರಡು ಕ್ಯಾಮೆರಾ ಇದ್ದವು. ಒಂದು ದೊಡ್ಡ ಎಸ್‌ಎಲ್‌ಆರ್. ಲೆನ್ಸಿನ ಮೂಲಕವೇ ನೋಡಿ ಫೋಕಸ್ ಮಾಡುವಂಥದ್ದು. ಇನ್ನೊಂದು ಸೋದರಮಾವ ಕೊಟ್ಟ ಹಳೆಯ ಸಣ್ಣ ಕ್ಯಾಮೆರಾ. ಅದರಲ್ಲಿ ರೇಂಜ್‌ಫೈಂಡರ್ ಇರಲಿಲ್ಲ. ರೇಂಜ್‌ಫೈಂಡರ್ ಎಂದರೆ ಕಿಂಡಿಯಲ್ಲಿ ಎರಡಾಗಿ ಕಾಣುವ ಚಿತ್ರವನ್ನು ಒಂದಾಗಿಸಿ ದೂರವನ್ನು ತಿಳಿಸುವ ಏರ್ಪಾಡು. ಈ ಕ್ಯಾಮೆರಾದ ಲೆನ್ಸಿನ ಬಳೆಯ ಮೇಲೆ ಅಡಿಗಳ ಅಂಕೆಗಳಷ್ಟೇ ಕೆತ್ತಿದ್ದವು: ಮೂರು, ಮೂರೂವರೆ, ನಾಲ್ಕು, ಐದು, ಹೀಗೆ. ಎದುರಿನ ಮನುಷ್ಯ ಎಷ್ಟು ಅಡಿ ದೂರ ಇದ್ದಾನೆಂದು ನಾವೇ ಅಂದಾಜು ಮಾಡಿ ಬಳೆ ತಿರುಗಿಸಬೇಕು. ಅಂದಾಜು ತಪ್ಪಿದರೆ ಅದು ಗೊತ್ತಾಗುವುದು ಫಿಲ್ಮ್ ತೊಳೆದ ಮೇಲೆಯೇ. ಚಿಂತೆಯ ಸ್ವಭಾವದವನ ಕೈಗೆ ಇಂಥ ಕ್ಯಾಮೆರಾ ಕೊಟ್ಟ ಸೋದರಮಾವ ನನ್ನ ಮೇಲೆ ಯಾವ ಹಳೆಯ ಸಿಟ್ಟು ತೀರಿಸಿಕೊಂಡರೋ ತಿಳಿಯದು.

ಆದರೂ ಅದನ್ನು ಪಳಗಿಸಿದ್ದೆ. ಮದುವೆಮನೆಯ ಅಂಗಳದಲ್ಲಿ ಯಾವಾಗಲೂ ಒಂದು ಹೊರಸು, ಹಗ್ಗದ ಮಂಚ, ಇರುತ್ತದೆ, ಅದರ ಉದ್ದ ಆರು ಅಡಿ. ಮದುಮಕ್ಕಳು ಒಂದು ಹೊರಸಿನಷ್ಟು ದೂರವೋ ಒಂದೂವರೆಯೋ ಎಂದು ಮನಸ್ಸಿನಲ್ಲೇ ಹೊರಸು ಹಾಸಿ ನೋಡುತ್ತಿದ್ದೆ. ಹತ್ತಿರದ ವಸ್ತುವಾದರೆ ಗೇಣು. ನನ್ನ ಗೇಣು ಸರಿಯಾಗಿ ಎಂಟು ಇಂಚು. ಈ ಎರಡು ಅಳತೆಗಳಲ್ಲೇ ಅನ್ನ ಹುಟ್ಟುತ್ತಿತ್ತು.

ರಾಯಬಾಗದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಿಂದ ಒಂದು ದಿನ ಬೆಳಿಗ್ಗೆ ಜೀಪು ಬಂತು. ಹೆಸರು ಇಲ್ಲಿ ಬೇಡ. ಎರಡು ದಿನದ ಹಿಂದೆ ಬಾಯ್ಲರಿನ ಒಂದು ಕೊಳವೆ ಒಡೆದು ಇಡೀ ಕಾರ್ಖಾನೆ ನಿಂತಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ. ಆದರೆ ಕಬ್ಬು ನುರಿಸುವ ಹಂಗಾಮು. ಗೇಟಿನ ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಹಳ್ಳದವರೆಗೂ ಬೆಳೆದು ನಿಂತಿತ್ತು. ಬಾಯ್ಲರ್ ಇನ್‌ಸ್ಪೆಕ್ಟರು ಬರುವುದು ಇನ್ನೂ ತಡವಿತ್ತು. ಒಡೆದ ಕೊಳವೆಯನ್ನು ಕತ್ತರಿಸಿ ಬೇರೆಯದನ್ನು ಹಾಕಲು ಅವರು ಫೋನಿನಲ್ಲಿ ಒಪ್ಪಿಗೆ ಕೊಟ್ಟಿದ್ದರು; ಆದರೆ ಕತ್ತರಿಸುವ ಮೊದಲು ಅದು ಇದ್ದ ಜಾಗದಲ್ಲೇ, ಅಕ್ಕಪಕ್ಕದ ಕೊಳವೆಗಳ ಸಮೇತ, ಸ್ಪಷ್ಟವಾದ ಫೋಟೋ ಆಗಬೇಕು ಎಂದಿದ್ದರು.

ಯಾಕೆ ಅಷ್ಟು ಮುಖ್ಯ ಎಂಬುದನ್ನು ಚೀಫ್ ಎಂಜಿನಿಯರ್ ಸಾಹೇಬರು ನಡೆಯುತ್ತಲೇ ವಿವರಿಸಿದರು. ಬಾಯ್ಲರಿನ ಕೊಳವೆಗಳ ಒಳಗೆ ನೀರು, ಹೊರಗೆ ಬೆಂಕಿ. ನೀರು ಕಡಿಮೆಯಾದರೆ ಕೊಳವೆ ಕಾದು, ಉಬ್ಬಿ, ಬಾಯಿ ಬಿಡುತ್ತದೆ. ಅದು ಬಾಯ್ಲರಿನ ಗೇಜ್ ಗ್ಲಾಸಿನಲ್ಲಿ ನೀರಿನ ಮಟ್ಟ ಕಾಯುವ ಅಟೆಂಡೆಂಟನ ತಪ್ಪು. ಇನ್ನೊಂದು ಬಗೆಯೂ ಇದೆ. ಉರಿಯುವ ಕಬ್ಬಿನ ಸಿಪ್ಪೆಯ ಜೊತೆ ಹಾರುವ ಬೂದಿ, ಮರಳು ಹಂಗಾಮಿನಿಂದ ಹಂಗಾಮಿಗೆ ಕೊಳವೆಯನ್ನು ಹೊರಗಿನಿಂದ ಉಜ್ಜಿ ತೆಳ್ಳಗೆ ಮಾಡುತ್ತದೆ. ಹಾಗೆ ಒಡೆದರೆ ಉಬ್ಬಿರುವುದಿಲ್ಲ. ಹೊರಮೈ ಹೆರೆದ ಹಾಗೆ ಚಪ್ಪಟೆಯಾಗಿ ಹೊಳೆಯುತ್ತದೆ, ಪಕ್ಕದ ಕೊಳವೆಗಳೂ ಸವೆದಿರುತ್ತವೆ. ಅದು ಯಾವ ಅಟೆಂಡೆಂಟನ ತಪ್ಪೂ ಅಲ್ಲ.

“ಆಡಳಿತ ಮಂಡಳಿಯವರು ಆಗಲೇ ಭರಮಪ್ಪನ ಹೆಸರು ಹೇಳಾಕತ್ತಾರ. ನನಗ ಹಂಗ ಅನ್ನಿಸಂಗಿಲ್ಲ. ಆದರ ನನ್ನ ಅನಿಸಿಕಿ ಕಾಗದದ ಮ್ಯಾಲೆ ನಡ್ಯಾಂಗಿಲ್ಲ,” ಎಂದರು ಸಾಹೇಬರು.

ಭರಮಪ್ಪ ಕೊಳವೆ ಒಡೆದಾಗ ಪಾಳಿಯಲ್ಲಿದ್ದ ಅಟೆಂಡೆಂಟ್. ಪಾಲಬಾವಿಯವರು, ನನಗಿಂತ ಹಿರಿಯರು. ಅವರ ಮಗಳ ಮದುವೆಯ ಫೋಟೋ ತೆಗೆದವನು ನಾನೇ. ತಪ್ಪೆಂದು ತೀರ್ಮಾನವಾದರೆ ಸರ್ಟಿಫಿಕೇಟು ಹೋಗುತ್ತದೆ. ಅದು ಹೋದರೆ ಯಾವ ಕಾರ್ಖಾನೆಯೂ ಅವರನ್ನು ಬಾಯ್ಲರಿನ ಹತ್ತಿರ ಬಿಡುವುದಿಲ್ಲ. ಅವರಿಗೆ ಬಾಯ್ಲರ್ ಮುಟ್ಟಬಾರದೆಂದು ಆಗಲೇ ಹೇಳಿಯಾಗಿತ್ತು. ಮುಟ್ಟದಷ್ಟು ದೂರದಲ್ಲಿ, ಆದರೆ ಅದಕ್ಕಿಂತ ಒಂದಿಂಚೂ ಹೆಚ್ಚು ದೂರವಾಗದಂತೆ, ಒಂದು ಡಬ್ಬದ ಮೇಲೆ ಕೂತಿದ್ದರು. ನನ್ನನ್ನು ಕಂಡವರೇ, “ಗ್ಲಾಸಿನ್ಯಾಗ ನೀರ ಇತ್ರಿ ಫೋಟೋದವರ, ನನ್ನ ಕಣ್ಣ ಮುಂದನ ಇತ್ತು,” ಎಂದರು. ನಾನೇ ಇನ್‌ಸ್ಪೆಕ್ಟರು ಎಂಬಂತೆ ಮತ್ತೊಮ್ಮೆ ಅದನ್ನೇ ಹೇಳಿದರು.

ಒಳಗೆ ಹೋಗುವ ಬಾಗಿಲು ತೋರಿಸಿದರು. ಬಾಗಿಲಲ್ಲ ಅದು, ಗೋಡೆಯಲ್ಲಿ ಒಂದು ತೂತು. ಅದರೊಳಗೆ ತೆವಳಿ, ಇಳಿಜಾರಾಗಿ ಹಾಸಿದ ಕೊಳವೆಗಳ ಸಾಲಿನ ಮೇಲೆ ಬೋರಲು ಮಲಗಿ ಮುಂದೆ ಸರಿಯಬೇಕು. ಒಡೆದದ್ದು ಕೆಳಗಿನ ಸಾಲಿನ ಕೊಳವೆ. ಮೇಲಿನ ಸಾಲಿನಲ್ಲಿ ಒಂದೆಡೆ ಮಾತ್ರ ಕ್ಯಾಮೆರಾ ಹಿಡಿಯುವಷ್ಟು ಸಂದು ಇದೆ, ಅಲ್ಲಿಂದ ನೇರ ಕೆಳಗೆ ಅದು ಕಾಣುತ್ತದೆ. ದೊಡ್ಡ ಕ್ಯಾಮೆರಾ ಆ ಸಂದಿಗೆ ಹಿಡಿಯುವಂತಿರಲಿಲ್ಲ. ಒಬ್ಬ ಡೈರೆಕ್ಟರರ ಆಟೋಮ್ಯಾಟಿಕ್ ಕ್ಯಾಮೆರಾ ಇತ್ತು, ಅದು ಸಂದಿನ ಅಂಚಿಗೇ ಫೋಕಸ್ ಮಾಡಿಕೊಳ್ಳುವ ಜಾತಿ. ಉಳಿದದ್ದು ಸೋದರಮಾವನ ಕ್ಯಾಮೆರಾ ಮತ್ತು ನಾನು.

ಒಳಗೆ ಹೋಗುವವರ ಮೈಮೇಲೆ ಜೋತಾಡುವಂಥದ್ದು ಏನೂ ಇರಬಾರದು ಎಂಬುದು ಅಲ್ಲಿಯ ನಿಯಮ. ಎಲ್ಲಾದರೂ ಸಿಕ್ಕಿಕೊಂಡರೆ ಕಷ್ಟ. ಕೈಗಡಿಯಾರ, ಬೆಲ್ಟು, ಪೆನ್ನು, ಕಿಸೆಯ ಪುಡಿಸಾಮಾನು, ಕೊನೆಗೆ ಕ್ಯಾಮೆರಾದ ಪಟ್ಟಿಯನ್ನೂ ಬಿಚ್ಚಿಸಿದರು. ಕಾರ್ಖಾನೆಯ ನೀಲಿ ಬಟ್ಟೆ ತೊಡಿಸಿದರು. ಹೊಗೆ ಎಳೆಯುವ ದೊಡ್ಡ ಫ್ಯಾನನ್ನು ನನಗೆ ಗಾಳಿಯಾಡಲೆಂದು ಚಾಲೂ ಇಟ್ಟಿದ್ದರು. ಅದರ ಸದ್ದಿಗೆ ಒಳಗೆ ಕೂಗಿದರೆ ಹೊರಗೆ ಕೇಳುವುದಿಲ್ಲ. ಕೈಗೊಂದು ಬ್ಯಾಟರಿ ದೀಪ ಕೊಟ್ಟು, ತೊಂದರೆಯಾದರೆ ಇದರಿಂದ ಕೊಳವೆಯ ಮೇಲೆ ಬಡಿಯಿರಿ ಎಂದರು ಸಾಹೇಬರು. ಬಡಿಯುವ ಶಕ್ತಿಯೇ ಇಲ್ಲದಿದ್ದರೆ ಏನು ಮಾಡಬೇಕೆಂದು ಕೇಳಬೇಕೆನಿಸಿತು.

ತೆವಳುತ್ತ ಹೋದೆ. ಕೊಳವೆಗಳು ಇನ್ನೂ ಬೆಚ್ಚಗಿದ್ದವು. ಎದೆ ಕೆಳಗಿನ ಕೊಳವೆಗೆ, ಬೆನ್ನು ಮೇಲಿನ ತಗಡಿಗೆ ತಾಗುತ್ತಿತ್ತು. ತಲೆ ಎತ್ತಲು ಆಗದು, ಹೊರಳಲು ಆಗದು. ಮುಂದೆ ಸರಿಯುವುದು ಸಾಧ್ಯ, ಹಿಂದೆ ಸರಿಯುವುದರ ಬಗ್ಗೆ ಆಮೇಲೆ ಯೋಚಿಸೋಣ ಎಂದು ನನಗೆ ನಾನೇ ಹೇಳಿಕೊಂಡೆ. ಅಂಥ ಮಾತನ್ನು ನಾನು ಜೀವನದಲ್ಲಿ ಅದೇ ಮೊದಲು ಹೇಳಿದ್ದು.

ಸಂದಿನಲ್ಲಿ ಬ್ಯಾಟರಿಯ ಬೆಳಕು ಬಿಟ್ಟು ನೋಡಿದೆ. ಒಡೆದ ಕೊಳವೆ ಕಂಡಿತು. ಎಷ್ಟು ದೂರದಲ್ಲಿದೆ ಎಂಬುದು ಮಾತ್ರ ಕಾಣಲಿಲ್ಲ. ಸುತ್ತ ಎಲ್ಲವೂ ಮಸಿ. ನೆರಳಿಲ್ಲ, ಗುರುತಿನ ವಸ್ತುವಿಲ್ಲ; ಹೊರಸಂತೂ ಇಲ್ಲವೇ ಇಲ್ಲ. ಎರಡೂವರೆ ಅಡಿ ಅಂದರೆ ಎರಡೂವರೆ, ಐದು ಅಂದರೆ ಐದು. ಕೈ ಚಾಚಿದರೂ ಮುಟ್ಟುತ್ತಿರಲಿಲ್ಲ. ದೂರದ ನೋಟವಾದರೆ ಅಡಿ ಎರಡಡಿ ತಪ್ಪು ನಡೆಯುತ್ತದೆ, ಹತ್ತಿರ ಬಂದಷ್ಟೂ ಒಂದೊಂದು ಇಂಚೂ ಲೆಕ್ಕಕ್ಕೆ ಬರುತ್ತದೆ. ಲೆನ್ಸಿನ ಕಿಂಡಿಯನ್ನು ಕಿರಿದು ಮಾಡಿದರೆ ತಪ್ಪು ಸ್ವಲ್ಪ ಮುಚ್ಚಿಹೋಗುತ್ತದೆ ನಿಜ, ಆದರೆ ಮಸಿಯ ಮೇಲೆ ನನ್ನ ಸಣ್ಣ ಫ್ಲ್ಯಾಶಿನ ಬೆಳಕು ಸಾಲದು.

ಒಂದು ದಾರ ಬೇಕಿತ್ತು. ದಾರವನ್ನು ಇಳಿಬಿಟ್ಟು ಅಳೆಯಬಹುದಿತ್ತು. ಕ್ಯಾಮೆರಾದ ಪಟ್ಟಿ ಹೊರಗಿತ್ತು. ಹೊರಗೆ ಹೋಗಿ ತರಬಹುದಿತ್ತು. ಆದರೆ ಒಮ್ಮೆ ಹೊರಗೆ ಹೋದರೆ ಈ ಜನ್ಮದಲ್ಲಿ ಮತ್ತೆ ಒಳಗೆ ಬರುವವನಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆಗ ಹೊಟ್ಟೆಯ ಕೆಳಗೆ ಏನೋ ಚುಚ್ಚಿತು. ಕಪಾಟಿನ ಕೀಲಿಕೈ. ಎಲ್ಲಿಯೋ ಮರೆತೇನೆಂಬ ಚಿಂತೆಗೆ ಅದನ್ನು ಸದಾ ಉಡದಾರಕ್ಕೆ ಕಟ್ಟಿಕೊಂಡಿರುತ್ತಿದ್ದೆ. ಎಲ್ಲ ಬಿಚ್ಚಿಸಿದವರು ಉಡದಾರ ಬಿಚ್ಚಿಸಿರಲಿಲ್ಲ. ಯಾರೂ ಬಿಚ್ಚಿಸುವುದಿಲ್ಲ. ನಮ್ಮಲ್ಲಿ ಗಂಡಸಿನ ಸೊಂಟದಿಂದ ಆ ದಾರ ಹರಿಯುವುದು ಅವನನ್ನು ಬೆಂಕಿಗೆ ಕೊಡುವ ಮುಂಚೆ. ನಾನು ಮಲಗಿದ್ದದ್ದೋ ಒಲೆಯೊಳಗೆ.

ಹೊರಗೆ ಡಬ್ಬದ ಮೇಲೆ ಕೂತವರ ನೆನಪಾಯಿತು. ಕೈಯನ್ನು ಹೇಗೋ ಕೆಳಗೆ ತೂರಿಸಿ ಗಂಟು ಹುಡುಕಿದೆ, ಬಿಚ್ಚಲಿಲ್ಲ. ಜಗ್ಗಿದೆ. ಗಂಟಿನ ಹತ್ತಿರ ಪಟ್ಟನೆ ಹರಿಯಿತು. ಫ್ಯಾನಿನ ಅಷ್ಟು ಸದ್ದಿನಲ್ಲೂ ಆ ಸದ್ದು ಕೇಳಿಸಿದಂತಾಯಿತು.

ಕೀಲಿಕೈ ಕೆಳಗೆ ಮಾಡಿ ದಾರವನ್ನು ಸಂದಿನಲ್ಲಿ ಇಳಿಬಿಟ್ಟೆ. ದಾರ ಮುಗಿಯುತ್ತ ಬಂದು, ತುದಿಯಷ್ಟೇ ಬೆರಳಲ್ಲಿ ಉಳಿದಾಗ ಕೀಲಿಕೈ ಒಡೆದ ಕೊಳವೆಗೆ ತಾಗಿತು. ಅಂದರೆ ದೂರ ನನ್ನ ಸೊಂಟದಷ್ಟು. ನನ್ನ ಸೊಂಟ ಮೂವತ್ತಾರು ಇಂಚು, ಮೂರು ಅಡಿ. ಪ್ಯಾಂಟು ಹೊಲಿಸುವಾಗಲೆಲ್ಲ ನಮ್ಮ ಟೇಲರ್ ಅದನ್ನೇ ಗಟ್ಟಿಯಾಗಿ ಕೂಗಿ ಹೇಳುತ್ತಿದ್ದ. ಬಳೆಯನ್ನು ಮೂರಕ್ಕೆ ತಿರುಗಿಸಿ ನಾಲ್ಕಾರು ಫೋಟೋ ತೆಗೆದೆ.

ಕೆಲಸ ಮುಗಿಯಿತು ಎನ್ನುವಷ್ಟರಲ್ಲಿ ಚಿಂತೆ ಎದ್ದು ಕೂತಿತು. ನಾನು ಏಳುವಂತಿರಲಿಲ್ಲ, ಅದಕ್ಕೇನು ಅಡ್ಡಿ? ಟೇಲರ್ ನನ್ನ ಮದುವೆಯ ವರ್ಷವೂ ಮೂವತ್ತಾರು ಅಂದಿದ್ದ, ಹೋದ ದೀಪಾವಳಿಗೂ ಮೂವತ್ತಾರು ಅಂದಿದ್ದ. ಈ ನಡುವೆ ನಾನು ಎಷ್ಟು ಮದುವೆಯೂಟ ಉಂಡಿದ್ದೇನೆ? ಈ ಉಡದಾರ ಕಟ್ಟುವಾಗ ನನ್ನ ಹೆಂಡತಿ, ಅಂಗಡಿಯವ ದಾರ ಗಿಡ್ಡ ಕೊಟ್ಟಾನ ನೋಡ್ರಿ ಎಂದು ಬೈದದ್ದು ನೆನಪಾಯಿತು. ಅಂಗಡಿಯವ ಗಿಡ್ಡ ಕೊಟ್ಟಿರಲಿಲ್ಲ.

ದಾರದ ತುದಿಯಿಂದ ಕೀಲಿಕೈಯವರೆಗೆ ಗೇಣು ಹಾಕಿದೆ. ಮೂವತ್ತಾರು ಇಂಚಾಗಿದ್ದರೆ ನಾಲ್ಕೂವರೆ ಗೇಣಿಗೆ ಮುಗಿಯಬೇಕು. ಐದು ಗೇಣು ತುಂಬಿತು. ನಲವತ್ತು ಇಂಚು. ಟೇಲರಿನ ದಾಕ್ಷಿಣ್ಯ ನಾಲ್ಕು ಇಂಚು ಇತ್ತು. ಅಷ್ಟರಿಂದ ಭರಮಪ್ಪನವರ ಸರ್ಟಿಫಿಕೇಟು ಮಸುಕಾಗುತ್ತಿತ್ತು. ಬಳೆಯನ್ನು ಮೂರು ಮತ್ತು ಮೂರೂವರೆಯ ನಡುವೆ, ಮೂರೂವರೆಯ ಕಡೆಗೆ ಸರಿಸಿ, ದಾರವನ್ನು ಮತ್ತೆ ಇಳಿಬಿಟ್ಟು ಅಳೆದು, ತುದಿಯನ್ನು ಬೆರಳಿಗೆ ಸುತ್ತಿಕೊಂಡೇ ರೋಲ್ ಮುಗಿಯುವವರೆಗೆ ತೆಗೆದೆ.

ಹಿಂದೆ ಸರಿಯುವ ಯೋಚನೆ ಈಗ ಬಂತು. ಸರಿದೆ, ಹೊಟ್ಟೆ ಸರಿಯಲಿಲ್ಲ. ನೀಲಿ ಬಟ್ಟೆ ಮಡಚಿ ಎದೆಗೆ ಬಂದು, ಒಂದು ಬೆಣೆ ಹೊಡೆದ ಹಾಗೆ ಸಿಕ್ಕಿಕೊಂಡೆ. ಬ್ಯಾಟರಿಯಿಂದ ಬಡಿದೆ. ಉತ್ತರವಿಲ್ಲ. ಮತ್ತೆ ಬಡಿದೆ, ಬ್ಯಾಟರಿ ಆರಿತು. ಕತ್ತಲಲ್ಲಿ ನನ್ನ ಉಸಿರು ಗಿಡ್ಡವಾಗತೊಡಗಿತು. ಉಡದಾರ ಹರಿದವನು, ಒಲೆಯೊಳಗೆ ಬೋರಲು ಬಿದ್ದವನು. ಇನ್ನು ಬೆಂಕಿ ಹಾಕುವುದೊಂದೇ ಬಾಕಿ. ಫಿಟ್ಟರುಗಳು ನಾನು ಹೊರಬಂದೆನೆಂದು ತಿಳಿದು ಬಾಗಿಲು ಮುಚ್ಚಿದರೆ ಎಂಬ ಯೋಚನೆಯೂ ಬಂತು. ಅಂಥ ಯೋಚನೆಗಳು ನನ್ನನ್ನು ಎಂದೂ ಮರೆತಿಲ್ಲ.

ಆಗ ಯಾರೋ ನನ್ನ ಹಿಮ್ಮಡಿ ಹಿಡಿದರು. ಡಬ್ಬದ ಮೇಲಿಂದ ನನ್ನ ಪಾದಗಳನ್ನೇ ನೋಡುತ್ತ ಕೂತಿದ್ದ ಭರಮಪ್ಪ, ಅವು ಅಲುಗಾಡದ್ದು ಕಂಡು, ಮುಟ್ಟಬಾರದೆಂಬ ಆಜ್ಞೆ ಮರೆತು ತೂತಿನೊಳಗೆ ಅರ್ಧ ಮೈ ತೂರಿಸಿದ್ದರು.

“ಉಸರ ಬಿಡ್ರಿ. ಪೂರಾ ಬಿಡ್ರಿ. ಒಳಗ ಹೋಗೂಮುಂದ ಹಾದ ಹೊಟ್ಟಿ ಹೊರಗ ಬರೂಮುಂದ ಯಾಕ ಹಾಯವಲ್ದು? ಒಳಗ ಊಟಾ ಏನರ ಇಟ್ಟಿದ್ದರೇನು?”

ನಗು ಬಂತು. ನಕ್ಕಾಗ ಉಸಿರು ಪೂರಾ ಹೋಯಿತು, ಅವರು ಜಗ್ಗಿದರು, ನಾನು ಜಾರಿದೆ. ಕ್ಯಾಮೆರಾವನ್ನು ಎದೆಗೆ ಅವಚಿಕೊಂಡಿದ್ದೆ. ಬೆರಳಿಗೆ ಸುತ್ತಿದ್ದ ದಾರ ಮಾತ್ರ ಬಿಚ್ಚಿಕೊಂಡು, ಕೀಲಿಕೈಯ ಸಮೇತ ಕೆಳಗೆ ಬೂದಿಗೆ ಬಿತ್ತು. ಅದನ್ನು ಹುಡುಕಿಕೊಡಿ ಎಂದು ಯಾರನ್ನು ಕೇಳಲಿ? ಸಂಜೆಯೊಳಗೆ ಹೊಸ ಕೊಳವೆ ಹಾಕಿ, ಮರುದಿನ ಬಾಯ್ಲರ್ ಹೊತ್ತಿಸಿದರು. ನನ್ನ ಉಡದಾರ ವಿಧಿಪೂರ್ವಕ ಬೆಂಕಿ ಸೇರಿತು.

ಮನೆಗೆ ಬಂದು ಹೇಳಿದಾಗ ಹೆಂಡತಿ ಒಲೆಯ ಮೇಲಿನ ಪಾತ್ರೆ ಇಳಿಸಿ ಎದುರು ಬಂದು ಕೂತಳು. ಆಮೇಲೆ, “ಫೋಟೋ ತಗ್ಯಾಕ ಉಡದಾರ ಯಾಕ ಬಿಚ್ಚಬೇಕಾತು, ಅದನ್ನ ಇನ್ನೊಮ್ಮೆ ಸಾವಕಾಶ ಹೇಳ್ರಿ,” ಎಂದಳು. ಹೊಸ ದಾರ ಕಟ್ಟುವವರೆಗೆ ಊಟದ ತಾಟು ಹಾಕಲಿಲ್ಲ.

ರೋಲನ್ನು ನಿಪ್ಪಾಣಿಯ ಕಲರ್ ಲ್ಯಾಬಿಗೆ ನಾನೇ ಒಯ್ದೆ. ಮೊದಲಿನ ಫೋಟೋಗಳು ಮಂಜಿನಲ್ಲಿ ಅದ್ದಿದ ಹಾಗಿದ್ದವು. ಕೊನೆಯವು ಚೂಪಾಗಿದ್ದವು. ಒಡಕಿನ ಅಂಚು, ಹೆರೆದಂತೆ ಹೊಳೆಯುವ ಹೊರಮೈ, ಪಕ್ಕದ ಎರಡು ಕೊಳವೆಗಳ ಅದೇ ಸವೆತ. ಎಲ್ಲಕ್ಕಿಂತ ಸ್ಪಷ್ಟವಾದ ಚಿತ್ರದಲ್ಲಿ, ಒಡಕಿನ ಬಗಲಲ್ಲೇ, ಒಂದು ಕಪ್ಪು ದಾರ ಮತ್ತು ಕೀಲಿಕೈ. ತೆಗೆಯಲು ಮರೆತಿದ್ದೆ.

ಇನ್‌ಸ್ಪೆಕ್ಟರು ಭೂತಗನ್ನಡಿ ಹಿಡಿದು ನೋಡಿ, ಇದೇನೆಂದು ಕೇಳಿದರಂತೆ. ಚೀಫ್ ಸಾಹೇಬರು ಮುಖದ ಒಂದು ಗೆರೆಯನ್ನೂ ಅಲುಗಾಡಿಸದೆ, ಅಳತೆ ತಿಳಿಯಲೆಂದು ಇಟ್ಟದ್ದು ಎಂದರಂತೆ. ಹಾಗಾದರೆ ಕೀಲಿಕೈಯ ಉದ್ದ ಬೇಕೆಂದರು ಇನ್‌ಸ್ಪೆಕ್ಟರು. ನಮ್ಮ ಮನೆಗೆ ಜೀಪು ಬಂದು, ಕಪಾಟಿನ ಜೋಡಿ ಕೀಲಿಕೈಯನ್ನು ಹೆಂಡತಿಯಿಂದ ಇಸಿದುಕೊಂಡು ಹೋಯಿತು. ಅದರ ಅಳತೆಗೆ ಚಿತ್ರವನ್ನು ಹೋಲಿಸಿ, ಕತ್ತರಿಸಿದ ತುಂಡನ್ನೂ ಪಕ್ಕದಲ್ಲಿಟ್ಟು ನೋಡಿ, ಕೊಳವೆ ಹೊರಗಿನಿಂದ ಸವೆದು ಒಡೆದಿದೆ, ನೀರಿನ ಕೊರತೆಯಿಂದಲ್ಲ ಎಂದು ಅವರು ಬರೆದರು. ಭರಮಪ್ಪ ಮರಳಿ ಪಾಳಿಗೆ ಹೋದರು.

ಮುಂದಿನ ಪ್ಯಾಂಟು ಹೊಲಿಸುವಾಗ ನಾನು ಟೇಲರಿಗೆ ನಲವತ್ತು ಎಂದೆ. ಅವನು ಬೇಸರಪಟ್ಟುಕೊಂಡ. “ನಲವತ್ತ ಅಂತ ನನಗ ಗೊತ್ತೈತ್ರಿ, ಹೊಲಿಯೂದೂ ನಲವತ್ತನ ಹೊಲಿತೀನಿ. ಮೂವತ್ತಾರ ಅನ್ನೂದು ನಿಮ್ಮ ಸಲುವಾಗಿ,” ಎಂದ.

ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ ಎನಿಸುತ್ತದೆ. ಅಂದಾಜು ಮಾಡುವವನು ಮೊದಲು ಅಳೆಯಬೇಕಾದದ್ದು ತನ್ನನ್ನು. ಉಳಿದ ದೂರವೆಲ್ಲ ಆ ತಪ್ಪಿನ ಮೇಲೆ ನಿಂತಿರುತ್ತದೆ. ಮೊದಲ ಫೋಟೋಗಳನ್ನೇ ನಂಬಿ ಹೊರಬಂದಿದ್ದರೆ ಒಬ್ಬ ಮನುಷ್ಯನ ಅನ್ನ ಹೋಗುತ್ತಿತ್ತು. ನನ್ನನ್ನು ಒಳಗೆ ಉಳಿಸಿ ಗೇಣು ಹಾಕಿಸಿದ್ದು ಧೈರ್ಯವಲ್ಲ, ಎಲ್ಲರೂ ನಗುವ ನನ್ನ ಚಿಂತೆ.

ಕೆಲವು ವರ್ಷಗಳಲ್ಲಿ ಡಿಜಿಟಲ್ ಬಂತು. ಈಗಿನ ಕ್ಯಾಮೆರಾ ದೂರವನ್ನು ತಾನೇ ಅಳೆಯುತ್ತದೆ, ನನ್ನನ್ನು ಕೇಳುವುದಿಲ್ಲ. ಕೇಳುವವರು ಒಬ್ಬರಿದ್ದಾರೆ. ಭರಮಪ್ಪ ನಿವೃತ್ತರಾಗಿ ಬಹಳ ವರ್ಷಗಳಾದವು. ಚಿಕ್ಕೋಡಿಗೆ ಬಂದಾಗ ಸ್ಟುಡಿಯೋಗೆ ಹಣಿಕಿ ಹಾಕುತ್ತಾರೆ. ಗಿರಾಕಿಗಳಿದ್ದರೆ ಬಾಗಿಲಲ್ಲೇ ನಿಂತು, ತಮ್ಮ ಸೊಂಟವನ್ನು ಒಮ್ಮೆ ತಟ್ಟಿ, ಹುಬ್ಬು ಏರಿಸುತ್ತಾರೆ. ನಾನೂ ನನ್ನ ಸೊಂಟ ಮುಟ್ಟಿ ನೋಡಿಕೊಂಡು, ಇದೆ ಎಂದು ತಲೆಯಾಡಿಸುತ್ತೇನೆ. ಆಮೇಲೆಯೇ ಅವರು ಒಳಗೆ ಬಂದು ಕೂರುವುದು.