ಟಗರಿಗಿಂತ ಮರಿ ಮೊದಲು

ಬೆಳಗಿನ ಐದೂವರೆ. ಗುರುಗುಂಟಾದ ಹೊರಗಿನ ಕುರಿದೊಡ್ಡಿಯಲ್ಲಿ ಲಸಿಕೆ ಹಾಕುವ ಗ್ಯಾನಮ್ಮ ಮೊಣಕಾಲೂರಿ ಕೂತಿದ್ದಾರೆ. ಐಸ್ ಡಬ್ಬಿಯಲ್ಲಿ ಪಿಪಿಆರ್ ಎಂಬ ಕುರಿ-ಮೇಕೆಗಳ ಅಂಟುರೋಗದ ಲಸಿಕೆ ಇರುವುದು ಒಂದೇ ಬಾಟಲಿ, ನೂರು ಡೋಸು. ದ್ರಾವಣ ಬೆರೆಸಿದರೆ ಎರಡು ತಾಸಿನೊಳಗೆ ಮುಗಿಸಬೇಕು. ದೊಡ್ಡಿಯಲ್ಲಿರುವುದು ನೂರೈವತ್ತು ಕುರಿ. ಬಿಸಿಲೇರುವ ಮುಂಚೆ ಹಿಂಡು ಮಸ್ಕಿ ಕಡೆ ಹೊರಡುತ್ತದೆ.

ಹಿಂಡಿನ ಯಜಮಾನ ದ್ಯಾವಪ್ಪ ಮೊದಲು ಎಳೆದು ತರುವುದು ದೇವರಿಗೆ ಬಿಟ್ಟ ಟಗರನ್ನು. ಉಪ್ಪಾಗಲಿ, ಔಷಧವಾಗಲಿ, ಮೊದಲು ಅದಕ್ಕೇ.

ಹೋದ ವರ್ಷ ಗ್ಯಾನಮ್ಮ ಇದಕ್ಕೆ ಒಪ್ಪಿದ್ದರು. ಟಗರು, ಆಮೇಲೆ ತಾಯಿಕುರಿ, ಕೊನೆಗೆ ಮರಿ. ಮರಿಗಳ ಸರದಿ ಅರ್ಧವಾಗುವಷ್ಟರಲ್ಲಿ ಬಾಟಲಿ ಖಾಲಿ. ಹದಿನೈದು ದಿನದಲ್ಲಿ ಇಪ್ಪತ್ಮೂರು ಮರಿ ಸತ್ತವು. ಬೈಗುಳವೆಲ್ಲ ಗ್ಯಾನಮ್ಮನಿಗೆ. ಟಗರನ್ನು ಯಾರೂ ಬೈಯಲಿಲ್ಲ.

ಆಗ ಲಿಂಗಸುಗೂರಿನ ಪಶುವೈದ್ಯರೊಬ್ಬರು ಸತ್ತ ಮರಿಯೊಂದನ್ನು ಕೊಯ್ದು ತೋರಿಸಿದರು. ಕೊರಳಿಂದ ಎದೆಯವರೆಗೆ ಮೆತ್ತನೆಯ ಗ್ರಂಥಿ, ಥೈಮಸ್. ಮೂಳೆಯ ಮಜ್ಜೆಯಲ್ಲಿ ಹುಟ್ಟಿದ ಎಳೆ ಬಿಳಿರಕ್ತಕಣಗಳು ಇಲ್ಲಿಗೆ ಬಂದು, ತನ್ನ ಮೈ ಯಾವುದು, ವೈರಿ ಯಾವುದು ಎಂದು ಕಲಿಯುತ್ತವೆ. ತನ್ನ ಮೈಗೇ ಬಾಯಿ ಹಾಕುವಂಥವು ಹೆಚ್ಚಾಗಿ ಅಲ್ಲೇ ಸಾಯುತ್ತವೆ. ಎಳವೆಯಲ್ಲಿ ದೊಡ್ಡದಿರುವ ಗ್ರಂಥಿ, ಪ್ರಾಯ ಬಂದ ಮೇಲೆ ಕುಗ್ಗಿ ಕೊಬ್ಬಾಗುತ್ತದೆ. ಮನುಷ್ಯರಲ್ಲೂ ಹಾಗೆಯೇ. ಅಲ್ಲಿ ಕಲಿತು ಬಂದ ಕಣಗಳ ಪೀಳಿಗೆಯೇ ಕೊನೆಯವರೆಗೂ ಮೈ ಕಾಯುತ್ತದೆ.

ನಾಲ್ಕನೇ ಇಯತ್ತೆ ಓದಿದ ಗ್ಯಾನಮ್ಮ ಅದನ್ನು ತಮ್ಮ ಮಾತಿನಲ್ಲಿ ಹೇಳುತ್ತಾರೆ: "ಮರಿ ಎದ್ಯಾಗ ಒಂದು ಸಾಲಿ ಐತಿ ಮಾವಾ. ಈಗ ಪಾಠ ನಡದೈತಿ. ನಿನ್ನ ಟಗರಿನ ಸಾಲಿ ಮುಚ್ಚೈತಿ. ಆದ್ರ ಹ್ವಾದ ವರ್ಷ ಚುಚ್ಚಿದ್ದನ್ನ ಅದು ಮರತಿಲ್ಲ."

ದೇವರು ಸಿಟ್ಟಾದರೆ ಎಂದು ದ್ಯಾವಪ್ಪ ಗೊಣಗುತ್ತಾರೆ.

"ಇಪ್ಪತ್ಮೂರು ಮರಿ ಸತ್ತಾಗ ಸಿಟ್ಟು ಬರಲಿಲ್ಲೇನು ಅವಗ?"

ದ್ಯಾವಪ್ಪ ಟಗರನ್ನು ಗೂಟಕ್ಕೆ ಕಟ್ಟಿ, ನಾಲ್ಕು ತಿಂಗಳು ದಾಟಿದ ಮರಿಗಳನ್ನು ಒಂದೊಂದಾಗಿ ಎತ್ತಿ ಕೊಡುತ್ತಾರೆ.

ಎಂಬತ್ತೆಂಟು ಮರಿ. ಎಂಬತ್ತೆಂಟು ಸಲ ಬಗ್ಗಬೇಕು. ಇದು ಮುಗಿದರೆ ಆಟೋದಲ್ಲಿ ಸಂತೆಕಲ್ಲೂರಿನ ದೊಡ್ಡಿ. ಹನ್ನೊಂದು ವರ್ಷದಿಂದ ಇದೇ ಕೆಲಸ. ಶಾಲು ಹೊದಿಸಲು ಸಾಧಕರನ್ನು ಹುಡುಕುವವರಿಗೆ ಕುರಿದೊಡ್ಡಿಯ ವಾಸನೆ ಆಗುವುದಿಲ್ಲ.

ಕೊನೆಯ ಮರಿಯನ್ನು ಬಿಟ್ಟು, ಗೂಟ ಹಿಡಿದು ಏಳುತ್ತಾರೆ. ಐವತ್ತಾರು ವಯಸ್ಸು. ಇನ್ನೆಷ್ಟು ದಿನ ಈ ಕೆಲಸ ಎಂದು ಕೇಳಿದರೆ ಡಬ್ಬಿಯ ಮುಚ್ಚಳ ಹಾಕುತ್ತಾ ಹೇಳುತ್ತಾರೆ:

"ಮೊಣಕಾಲು ಹ್ವಾದವ್ರೀ. ನನ್ನ ಎದ್ಯಾಗಿನ ಸಾಲೀನೂ ಬಾಗಿಲ ಹಾಕಿರಬೇಕು. ಆದ್ರ ಕಲತದ್ದು ಎಲ್ಲಿ ಹೋಗತೈತ್ರಿ?"