ಮುಚ್ಚಳದೊಳಗಿನ ಬಿದಿಗೆ ಚಂದ್ರ

ಖಾದರ್ ಸಾಬರು ಗಡಿಯಾರದ ಮುಖ ನೋಡುತ್ತಿರಲಿಲ್ಲ. ಕೈಗಡಿಯಾರ ಕೊಟ್ಟರೆ ಮೊದಲು ಕಿವಿಗೆ ಹಿಡಿದು, ಆಮೇಲೆ ಬೋರಲು ಹಾಕಿ ಹಿಂದಿನ ಮುಚ್ಚಳ ಬಿಚ್ಚುತ್ತಿದ್ದರು. "ಮುಖ ನೋಡಿ ಹೇಳೋಕೆ ನಾನೇನು ಮದುವೆ ದಲ್ಲಾಳಿನಾ ಸ್ವಾಮಿ? ಯಾವ ಮಾಡೆಲ್ ಅಂತ ಒಳಗಿನ ಮಿಷಿನ್ನು ಹೇಳ್ಬೇಕು," ಎನ್ನುವರು.

ಕೋಲಾರದ ಕೋಟೆಯಲ್ಲಿ ನಮ್ಮ ಮನೆಯ ಎದುರಿಗೇ ಅವರ ಅಂಗಡಿ. ಸವೆದ ಹಲ್ಲುಚಕ್ರಗಳನ್ನು ಬುಗುರಿಯಂತೆ ತಿರುಗಿಸಿ, ಮಗುವಾಗಿದ್ದ ನನ್ನ ಅಳು ನಿಲ್ಲಿಸುತ್ತಿದ್ದರಂತೆ. ತಾವು ರಿಪೇರಿ ಮಾಡಿದ ಪ್ರತಿ ಗಡಿಯಾರದ ಮುಚ್ಚಳದ ಒಳಮೈಗೆ ಸೂಜಿಯಿಂದ ಪುಟ್ಟ ಬಿದಿಗೆ ಚಂದ್ರನನ್ನು ಗೀರುವುದು ಅವರ ಪದ್ಧತಿ. "ಯಾರು ಮುಟ್ಟಿದ್ದು ಅಂತ ಮುಂದಿನೋನಿಗೆ ಗೊತ್ತಾಗ್ಬೇಕು ಬೇಟಿ. ತಪ್ಪಿದ್ರೆ ನನ್ನನ್ನೇ ಬೈಲಿ."

ನಾನು ಬೈದೆ. ಇವತ್ತಿಗೂ ಬೈಯುತ್ತೇನೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ನನಗೆ ಮುಳಬಾಗಿಲಿನ ಗಂಡು ಗೊತ್ತಾಯಿತು. ತಮ್ಮ ತಾಲ್ಲೂಕಿನ ಅಮಲ್ದಾರರ ಕೈಯಲ್ಲಿದ್ದಂಥದೇ ಸ್ವಿಸ್ ಗಡಿಯಾರ ಬೇಕೆಂದು ವರನ ಹಟ. ಹೊಸದು ಆಗ ಎಲ್ಲಿ ಸಿಗಬೇಕು? ಅಪ್ಪ ತಿಂಗಳುಗಟ್ಟಲೆ ಅಲೆದು, ಶ್ರೀನಿವಾಸಪುರದ ನಿವೃತ್ತ ಶಿರಸ್ತೇದಾರರೊಬ್ಬರಿಂದ ಹಳೆಯದೊಂದನ್ನು ತಂದರು. ಡಯಲಿನ ಮೇಲೆ ಅದೇ ಕಂಪನಿಯ ಹೆಸರಿತ್ತು.

ನಿಶ್ಚಿತಾರ್ಥದ ದಿನ ವರನ ಸೋದರಮಾವ ಅದನ್ನು ತಿರುಗಿಸಿ ನೋಡಿ, "ಇದು ಅಸಲಿನೇ ಅಂತ ಯಾರ್ರೀ ಹೇಳೋರು?" ಎಂದರು.

"ಎದುರುಗಡೆ ಸಾಬರಿದ್ದಾರಲ್ಲ, ಅವರ ಬಾಯಲ್ಲೇ ಕೇಳೋಣ," ಎಂದು ಅಪ್ಪನೇ ಹೆಮ್ಮೆಯಿಂದ ಕರೆಸಿದರು. ಒಂದು ದಿನ ಮೊದಲೇ ಅದನ್ನು ಸಾಬರಿಗೆ ತೋರಿಸಬೇಕೆಂಬ ಬುದ್ಧಿ ಅಪ್ಪನಿಗೆ ಬರಲಿಲ್ಲ.

ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಸಾಬರು ಜಗಲಿಯ ಮೇಲೆ ಕೂತು ಮುಚ್ಚಳ ತೆಗೆದರು. ಅದರ ಒಳಮೈಯನ್ನು ಬೆಳಕಿಗೆ ಹಿಡಿದರು.

"ಡಬ್ಬಿ, ಡಯಲು ಅಸಲಿ. ಮಿಷಿನ್ನು ಬೇರೆ, ಅಗ್ಗದ್ದು. ಹಾಕಿದ್ದು ನಾನೇ ಸ್ವಾಮಿ. ಹಳೇದು ಮುರಿದಿತ್ತು, ಯುದ್ಧಕ್ಕೆ ಸಾಮಾನು ಬರ್ತಿರಲಿಲ್ಲ. ಇಲ್ಲಿದೆ ನೋಡಿ ನನ್ನ ಗುರುತು."

ಸುಮ್ಮನೆ ಮುಚ್ಚಿಟ್ಟಿದ್ದರೆ ಆ ಗೀರು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಗಂಡಿನವರು ತಾಂಬೂಲ ಮುಟ್ಟದೆ ಎದ್ದು ಹೋದರು. ನಕಲಿ ಗಡಿಯಾರದ ಮನೆಯವರು ಎಂದು ನಮಗೆ ಹೆಸರು ಬಂತು. ಮತ್ತೆ ಯಾರೂ ನನ್ನನ್ನು ಕೇಳಿಕೊಂಡು ಬರಲಿಲ್ಲ. ನಾನು ಮಾಲೂರಿನ ಹೆಣ್ಣುಮಕ್ಕಳ ಶಾಲೆಗೆ ಮೇಡಂ ಆಗಿ ಹೋದೆ. ಗಡಿಯಾರ ನನ್ನ ಕೈಗೇ ಬಂತು.

ಕೆಲವು ವರ್ಷದ ಮೇಲೆ ಅದು ನಿಂತುಹೋದಾಗ, ಬೇರೆ ದಾರಿಯಿಲ್ಲದೆ ಅವರ ಅಂಗಡಿಯ ಮೆಟ್ಟಿಲು ಹತ್ತಿದೆ. ಸಾಬರಿಗೆ ಕಣ್ಣು ಮಂಜಾಗಿತ್ತು. ಮುಚ್ಚಳ ಬಿಚ್ಚಿ, ಒಳಗಿನ ಗೀರನ್ನೂ ತಾವೇ ಕೂರಿಸಿದ್ದ ಅಗ್ಗದ ಮಿಷಿನ್ನನ್ನೂ ಉಗುರಿನಿಂದ ಸವರಿದ ಮೇಲೆ ನಾನು ಯಾರೆಂದು ತಿಳಿಯಿತು.

"ಬೇಟಿ, ಅವತ್ತು ನಾನು ಸುಳ್ಳು ಹೇಳ್ಬೇಕಿತ್ತಾ?"

"ಹೇಳ್ಬೇಕಿತ್ತು ಸಾಬರೇ."

ಅವರು ತಲೆಯಾಡಿಸಿ, ತಡಕಾಡುತ್ತಲೇ ಸರಿಮಾಡಿ ಕೊಟ್ಟರು. ಮುಂದಿನ ರಂಜಾನಿಗೆ ಅವರಿರಲಿಲ್ಲ. ನಾನು ಮಣ್ಣಿಗೂ ಹೋಗಲಿಲ್ಲ.

ಈಗ ಬೇರೆಯವರು ರಿಪೇರಿ ಮಾಡುತ್ತಾರೆ. ಮುಚ್ಚಳ ಬಿಚ್ಚಿದವರೆಲ್ಲ, "ಯಾರಮ್ಮ ಈ ಮಿಷಿನ್ನ ಕೂರಿಸಿದ್ದು? ಒಳ್ಳೇ ಕೈ," ಎನ್ನುತ್ತಾರೆ. ನಾನು ಸಾಬರ ಹೆಸರು ಹೇಳುವುದಿಲ್ಲ.